ಗೆದ್ದರೂ ಬಾಗಿಲು ತೆರೆಯಲಿಲ್ಲ: ಐಜ್ವಾಲ್ ಎಫ್‌ಸಿ ಎಂಬ ಪುಟ್ಟ ಊರಿನ ಕ್ಲಬ್ಬಿನ ಕತೆ

ಒಂದು ವರ್ಷ ಲೀಗ್‌ನಿಂದಲೇ ಹೊರಬಿದ್ದ ತಂಡ, ಮರುವರ್ಷ ದೇಶದ ಚಾಂಪಿಯನ್. ಅದರ ಮುಂದಿನ ವರ್ಷ ಆ ಚಾಂಪಿಯನ್‌ಗೆ ಸಿಕ್ಕಿದ್ದೇನು? ಭಾರತದ ಫುಟ್ಬಾಲ್ ಇವತ್ತು ಯಾಕೆ ಹೀಗಿದೆ ಅಂತ ಅರ್ಥವಾಗಬೇಕಾದರೆ ಮಿಜೋರಾಂನ ಈ ಕ್ಲಬ್ಬಿನ ಚರಿತ್ರೆ ಓದಿದರೆ ಸಾಕು.

2015–16ರ ಐ-ಲೀಗ್‌ನಲ್ಲಿ ಆಡಿದ್ದು ಒಂಬತ್ತು ತಂಡಗಳು. ಸೀಸನ್ ಮುಗಿದಾಗ ಐಜ್ವಾಲ್ ಎಫ್‌ಸಿ ಎಂಟನೇ ಸ್ಥಾನದಲ್ಲಿತ್ತು. ಅದರ ಕೆಳಗೆ, ಕೊನೆಯ ಸ್ಥಾನದಲ್ಲಿ ಇದ್ದದ್ದು ಪುಣೆಯ ಡಿಎಸ್‌ಕೆ ಶಿವಾಜಿಯನ್ಸ್. ಕೆಳಗಿನ ಡಿವಿಷನ್‌ಗೆ ಹೋಗಬೇಕಾದವರು ಯಾರು? ಕೊನೆಯಲ್ಲಿದ್ದವರು ತಾನೇ? ಅಲ್ಲ. ಹಿಂಬಡ್ತಿ ಆದದ್ದು ಐಜ್ವಾಲ್‌ಗೆ.

ಕಾರಣ ಸರಳ. ಡಿಎಸ್‌ಕೆ ಶಿವಾಜಿಯನ್ಸ್ ಲೀಗ್‌ಗೆ ಬಂದದ್ದು ಆಡಿ ಗೆದ್ದಲ್ಲ; ಕಾರ್ಪೊರೇಟ್ ಬಿಡ್ ಮೂಲಕ ನೇರ ಪ್ರವೇಶ ಪಡೆದು. ಆ ಒಪ್ಪಂದದಲ್ಲೇ ಮೊದಲ ಕೆಲವು ವರ್ಷ ಹಿಂಬಡ್ತಿಯಿಂದ ವಿನಾಯಿತಿ ಇತ್ತು. ಐಜ್ವಾಲ್ ಬಂದದ್ದು ಎರಡನೇ ಡಿವಿಷನ್ ಗೆದ್ದು. ಹಾಗಾಗಿ ಅದಕ್ಕೆ ಯಾವ ವಿನಾಯಿತಿಯೂ ಇರಲಿಲ್ಲ.

ಪಾಯಿಂಟ್ಸ್ ಪಟ್ಟಿಗಿಂತ ಒಪ್ಪಂದದ ಷರತ್ತು ದೊಡ್ಡದು ಅನ್ನುವ ಈ ಪಾಠ ಐಜ್ವಾಲ್‌ಗೆ ಮುಂದೆ ಮತ್ತೆ ಸಿಗಲಿತ್ತು.

ಊರು, ಬೆಟ್ಟ, ಮೈದಾನ

2011ರ ಜನಗಣತಿ ಪ್ರಕಾರ ಇಡೀ ಮಿಜೋರಾಂನ ಜನಸಂಖ್ಯೆ ಸುಮಾರು 11 ಲಕ್ಷ. ರಾಜಧಾನಿ ಐಜ್ವಾಲ್‌ನದ್ದು ಮೂರು ಲಕ್ಷಕ್ಕೂ ಕಡಿಮೆ, ಅಂದರೆ ನಮ್ಮ ಶಿವಮೊಗ್ಗಕ್ಕಿಂತ ಸ್ವಲ್ಪ ಚಿಕ್ಕ ಊರು. ಬೆಟ್ಟದ ಏಣಿನ ಮೇಲೆ, ಮನೆಯ ಮೇಲೆ ಮನೆ ಇಟ್ಟ ಹಾಗೆ ಕಟ್ಟಿದ ನಗರ. ಒಂದು ಫುಟ್ಬಾಲ್ ಮೈದಾನಕ್ಕೆ ಬೇಕಾಗುವಷ್ಟು ಸಮತಟ್ಟು ಜಾಗ ಸಿಗುವುದೇ ಅಲ್ಲಿ ಕಷ್ಟ.

ಕ್ಲಬ್ ಹುಟ್ಟಿದ್ದು 1984ರಲ್ಲಿ. ಆ ಇಸವಿಗೂ ಒಂದು ಅರ್ಥ ಇದೆ. 1966ರ ಮಾರ್ಚ್‌ನಲ್ಲಿ ಮಿಜೋ ಬಂಡಾಯ ಹತ್ತಿಕ್ಕಲು ಭಾರತದ ವಾಯುಪಡೆಯ ವಿಮಾನಗಳೇ ಐಜ್ವಾಲ್ ಮೇಲೆ ದಾಳಿ ಮಾಡಿದ್ದವು. ಬಂಡಾಯಕ್ಕೆ ಕೊನೆ ಹಾಡಿದ ಮಿಜೋ ಒಪ್ಪಂದಕ್ಕೆ ಸಹಿ ಬಿದ್ದದ್ದು 1986ರಲ್ಲಿ, ರಾಜ್ಯದ ಸ್ಥಾನ ಸಿಕ್ಕಿದ್ದು 1987ರ ಫೆಬ್ರವರಿಯಲ್ಲಿ. ಅಂದರೆ ಈ ಕ್ಲಬ್ಬಿಗೆ ತನ್ನ ರಾಜ್ಯಕ್ಕಿಂತ, ಆ ನೆಲದ ಶಾಂತಿಗಿಂತ ಹೆಚ್ಚು ವಯಸ್ಸು.

ಮುಂದಿನ ಎರಡೂವರೆ ದಶಕ ಅದು ಸ್ಥಳೀಯ ಟೂರ್ನಿಗಳಲ್ಲಿ ಆಡುವ ಸಾಮಾನ್ಯ ಕ್ಲಬ್. ಹೊರಗಿನವರಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಮಿಜೋರಾಂನಲ್ಲಿ ಆಟಗಾರರಿಗೆ ಬರ ಇತ್ತು ಅಂತಲ್ಲ. ಶೈಲೊ ಮಾಲ್ಸಾಮ್‌ತ್ಲುವಾಂಗ ಟಾಟಾ ಫುಟ್ಬಾಲ್ ಅಕಾಡೆಮಿಯಲ್ಲಿ ಕಲಿತು ಈಸ್ಟ್ ಬೆಂಗಾಲ್‌ನಲ್ಲಿ ಹೆಸರು ಮಾಡಿದರು. ಜೆಜೆ ಲಾಲ್‌ಪೆಖ್ಲುವಾ ಪುಣೆ, ಕೋಲ್ಕತಾ, ಚೆನ್ನೈ ಕ್ಲಬ್‌ಗಳಲ್ಲಿ ಆಡಿ ಭಾರತ ತಂಡದ ಸ್ಟ್ರೈಕರ್ ಆದರು. ಆದರೆ ಆಟವನ್ನೇ ಬದುಕು ಮಾಡಿಕೊಳ್ಳಬೇಕಿದ್ದ ಹುಡುಗ ಮೊದಲು ಬೆಟ್ಟ ಇಳಿಯಬೇಕಿತ್ತು.

ಕೇಬಲ್ ಟಿವಿ ತಂದ ಬದಲಾವಣೆ

ಚಿತ್ರ ಬದಲಾದದ್ದು 2012ರಲ್ಲಿ, ಮಿಜೋರಾಂ ಪ್ರೀಮಿಯರ್ ಲೀಗ್ ಶುರುವಾದಾಗ. ಐಜ್ವಾಲ್ ಎಫ್‌ಸಿ ಚರಿತ್ರೆ ಹೇಳುವವರು ಸಾಮಾನ್ಯವಾಗಿ 2017ರ ಟ್ರೋಫಿಗೆ ನೇರ ಜಿಗಿಯುತ್ತಾರೆ. ನನಗೆ ಕೇಳಿದರೆ ಅಸಲಿ ಎಂಜಿನ್ ಇರುವುದು ಈ ಲೀಗ್‌ನಲ್ಲಿ.

ಮಿಜೋರಾಂ ಫುಟ್ಬಾಲ್ ಸಂಸ್ಥೆ ಮಾಡಿದ್ದು ಇಷ್ಟೇ. ಊರಿನ ಬಡಾವಣೆಗಳ ತಂಡಗಳನ್ನು ಒಂದು ಸರಿಯಾದ ವೇಳಾಪಟ್ಟಿಗೆ ತಂದಿತು. ನಗರದ ಮಧ್ಯದ ಲಮ್ಮುವಾಲ್ ಮೈದಾನದ ಕೃತಕ ಹುಲ್ಲಿನ ಮೇಲೆ ಪಂದ್ಯ ಇಟ್ಟಿತು. ಝೋನೆಟ್ ಅನ್ನುವ ಸ್ಥಳೀಯ ಕೇಬಲ್ ವಾಹಿನಿ ಪಂದ್ಯಗಳನ್ನು ನೇರ ಪ್ರಸಾರ ಮಾಡಿತು. ಚಾನ್ಮಾರಿ, ದಿಂಥರ್ ಇವೆಲ್ಲ ಐಜ್ವಾಲ್‌ನ ಬಡಾವಣೆಗಳ ಹೆಸರುಗಳು. ಅವೇ ಕ್ಲಬ್‌ಗಳ ಹೆಸರುಗಳೂ ಹೌದು. ನಮ್ಮ ಪಕ್ಕದ ಬೀದಿಯ ಹುಡುಗ ಸಂಜೆ ಟಿವಿಯಲ್ಲಿ ಕಾಣಿಸುತ್ತಾನೆ ಅಂದರೆ ಜನ ನೋಡದೇ ಇರ್ತಾರಾ? ನೋಡುವವರಿದ್ದರೆ ಪ್ರಾಯೋಜಕರು ಬರುತ್ತಾರೆ. ಪ್ರಾಯೋಜಕರು ಬಂದರೆ ಆಟಗಾರನ ಕೈಗೆ ಒಂದಿಷ್ಟು ಸಂಬಳ.

ಫಲ ಬೇಗನೇ ಬಂತು. 2014ರ ಮಾರ್ಚ್‌ನಲ್ಲಿ ಸಿಲಿಗುರಿಯಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಮಿಜೋರಾಂ 3–0ಯಿಂದ ರೈಲ್ವೇಸ್ ತಂಡವನ್ನು ಸೋಲಿಸಿತು. ಆ ರಾಜ್ಯಕ್ಕೆ ಅದು ಮೊದಲ ಸಂತೋಷ್ ಟ್ರೋಫಿ.

ಇದೇ ಹೊತ್ತಿನಲ್ಲಿ ಐಜ್ವಾಲ್ ಎಫ್‌ಸಿ ಉದ್ಯಮಿ ರಾಬರ್ಟ್ ರೊಮಾವಿಯಾ ರಾಯ್ಟೆ ಅವರ ಕೈಯಲ್ಲಿತ್ತು. ಮುಂದೆ 2018ರಲ್ಲಿ ಅವರು ಶಾಸಕರಾಗಿ ಗೆದ್ದು ಮಿಜೋರಾಂನ ಕ್ರೀಡಾ ಸಚಿವರೂ ಆದರು. 2015ರಲ್ಲಿ ತಂಡ ಐ-ಲೀಗ್ ಎರಡನೇ ಡಿವಿಷನ್ ಗೆದ್ದು, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ಬಡ್ತಿ ಪಡೆಯಿತು. ಅಲ್ಲಿಗೆ ತಲುಪಿದ ಮಿಜೋರಾಂನ ಮೊದಲ ಕ್ಲಬ್ ಅದು.

ಬಿದ್ದದ್ದು, ಎದ್ದದ್ದು

ಮೊದಲ ಸೀಸನ್ ಹೇಗೆ ಮುಗಿಯಿತು ಅಂತ ಆರಂಭದಲ್ಲೇ ಹೇಳಿದೆ. ಆದರೆ ಅದೇ 2016ರ ಮೇ ತಿಂಗಳಲ್ಲಿ ಫೆಡರೇಷನ್ ಕಪ್ ನಡೆಯಿತು. ಆಗಷ್ಟೇ ಐ-ಲೀಗ್ ಗೆದ್ದಿದ್ದ ಬೆಂಗಳೂರು ಎಫ್‌ಸಿಯನ್ನು ಐಜ್ವಾಲ್ ಕ್ವಾರ್ಟರ್‌ ಫೈನಲ್‌ನಲ್ಲೇ ಮನೆಗೆ ಕಳಿಸಿತು. ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು 5–0ಯಿಂದ ಸೋತಿತು, ಅದು ಬೇರೆ ಮಾತು. ಕಪ್ ಫೈನಲ್ ಆಡಿದ ತಂಡ ಹಿಂಬಡ್ತಿ ಪಡೆದು ಹೊರಬೀಳುವುದನ್ನು ಒಪ್ಪಿಕೊಳ್ಳುವುದು ಯಾರಿಗೂ ಸುಲಭ ಇರಲಿಲ್ಲ.

ಮತ್ತೆ ಬಾಗಿಲು ತೆರೆದದ್ದು ಇನ್ನೊಬ್ಬರ ಸಿಟ್ಟಿನಿಂದ. ಐಎಸ್‌ಎಲ್ ಅನ್ನು ಅಗ್ರ ಲೀಗ್ ಮಾಡಿ, ಐ-ಲೀಗ್ ಅನ್ನು ಅದರ ಕೆಳಕ್ಕೆ ತಳ್ಳುವ ನೀಲನಕ್ಷೆಯನ್ನು ಅಖಿಲ ಭಾರತ ಫುಟ್ಬಾಲ್ ಒಕ್ಕೂಟ 2016ರಲ್ಲಿ ಮುಂದಿಟ್ಟಿತ್ತು. ಇದನ್ನು ವಿರೋಧಿಸಿ ಗೋವಾದ ಹಳೆಯ ಕ್ಲಬ್‌ಗಳಾದ ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ ಡಿ ಗೋವಾ ಲೀಗ್‌ನಿಂದಲೇ ಹೊರನಡೆದವು. ಆಮೇಲೆ ಡೆಂಪೊ ಕೂಡ ಅದೇ ದಾರಿ ಹಿಡಿಯಿತು. ತಂಡಗಳ ಸಂಖ್ಯೆ ಭರ್ತಿ ಮಾಡಲೇಬೇಕಿತ್ತು. ಐಜ್ವಾಲ್ ಅನ್ನು ವಾಪಸ್ ಕರೆದರು.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಐಜ್ವಾಲ್ ಮರಳಿ ಬಂದದ್ದು ಆಡಿ ಗೆದ್ದು ಅಲ್ಲ, ಖಾಲಿ ಬಿದ್ದ ಕುರ್ಚಿಯಿಂದಾಗಿ. ಅದರ ಮುಂದಿನ ಯಶಸ್ಸಿನ ತಳಪಾಯದಲ್ಲಿ ಗೋವಾದ ಕ್ಲಬ್‌ಗಳ ನಷ್ಟವೂ ಇದೆ.

ಆ ಒಂದು ಸೀಸನ್

2016–17ಕ್ಕೆ ತಂಡದ ಕೋಚ್ ಆಗಿ ಬಂದವರು ಖಾಲಿದ್ ಜಮೀಲ್. ಏಳು ವರ್ಷ ಮುಂಬೈ ಎಫ್‌ಸಿ ನಡೆಸಿ, ಅಲ್ಲಿಂದ ಹೊರಹಾಕಿಸಿಕೊಂಡಿದ್ದ ಮನುಷ್ಯ. ಬರುವಾಗ ಮುಂಬೈಯಿಂದ ಜಯೇಶ್ ರಾಣೆ, ಅಶುತೋಷ್ ಮೆಹ್ತಾ ಅವರಂಥ ಆಟಗಾರರನ್ನೂ ಕರೆತಂದರು. ಸಿರಿಯಾದ ಮಹಮೂದ್ ಅಲ್ ಅಮ್ನಾ, ಲೈಬೀರಿಯಾದ ಆಲ್ಫ್ರೆಡ್ ಜಾರ್ಯಾನ್ ಮಿಡ್‌ಫೀಲ್ಡ್ ಹಿಡಿದರು. ಗೋಲ್‌ನಲ್ಲಿ ಗೋವಾದ ಅಲ್ಬಿನೊ ಗೋಮ್ಸ್. ಉಳಿದ ಬೆನ್ನೆಲುಬೆಲ್ಲ ಮಿಜೋ ಹುಡುಗರದ್ದು: ಲಾಲ್ರುವಾತ್ಥಾರಾ, ಲಾಲ್ರಾಮ್ಚುಲ್ಲೊವಾ, ಬ್ರ್ಯಾಂಡನ್ ವನ್‌ಲಾಲ್‌ರೆಮ್‌ಡಿಕಾ, ಜೋಮಿಂಗ್ಲಿಯಾನಾ ರಾಲ್ಟೆ.

ಇದು ಚಂದದ ಪಾಸಿಂಗ್ ಆಟ ಆಡುವ ತಂಡ ಆಗಿರಲಿಲ್ಲ. ಹಿಂದೆ ಗಟ್ಟಿಯಾಗಿ ನಿಲ್ಲು, ಚೆಂಡು ಸಿಕ್ಕ ಕೂಡಲೇ ಓಡು, ಕಡಿಮೆ ಗೋಲಿನಲ್ಲಿ ಪಂದ್ಯ ಮುಗಿಸು, ಇದೇ ಜಮೀಲ್ ಸೂತ್ರ. ಜೊತೆಗೆ ತವರಿನ ಅನುಕೂಲ. ಮುವಾಲ್ಪುಯಿಯ ರಾಜೀವ್ ಗಾಂಧಿ ಸ್ಟೇಡಿಯಂ ಸುಮಾರು 20,000 ಜನ ಹಿಡಿಸುವ, ಕೃತಕ ಹುಲ್ಲಿನ ಮೈದಾನ. ಹೊರಗಿನ ತಂಡಗಳಿಗೆ ಐಜ್ವಾಲ್ ಪ್ರಯಾಣವೇ ಒಂದು ಪರೀಕ್ಷೆ. ಐಜ್ವಾಲ್‌ಗೂ ಹೊರಗಿನ ಪ್ರತಿ ಪಂದ್ಯ ಅಷ್ಟೇ ದೊಡ್ಡ ಪರೀಕ್ಷೆ ಆಗಿತ್ತು ಅನ್ನುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಏಪ್ರಿಲ್ 22, 2017. ಪಟ್ಟಿಯ ಮೇಲ್ಭಾಗದಲ್ಲಿದ್ದ ಎರಡು ತಂಡಗಳು ಐಜ್ವಾಲ್‌ನಲ್ಲಿ ಮುಖಾಮುಖಿ. ಎದುರಿಗೆ 1889ರಲ್ಲಿ ಹುಟ್ಟಿದ, ದೇಶದ ಅತಿ ಹಳೆಯ ದೊಡ್ಡ ಕ್ಲಬ್‌ಗಳಲ್ಲೊಂದಾದ ಮೋಹನ್ ಬಾಗಾನ್. ಪಂದ್ಯ ಮುಗಿಯಲು ಹತ್ತು ನಿಮಿಷವೂ ಇಲ್ಲದಾಗ ಡಿಫೆಂಡರ್ ಜೋಮಿಂಗ್ಲಿಯಾನಾ ರಾಲ್ಟೆ ಹೆಡರ್ ಹೊಡೆದರು. 1–0.

ಏಪ್ರಿಲ್ 30ರ ಕೊನೆಯ ಪಂದ್ಯ ಶಿಲ್ಲಾಂಗ್‌ನಲ್ಲಿ, ಶಿಲ್ಲಾಂಗ್ ಲಾಜೊಂಗ್ ವಿರುದ್ಧ. ಐಜ್ವಾಲ್‌ಗೆ ಡ್ರಾ ಸಾಕಿತ್ತು. ಮಿಜೋರಾಂನಿಂದ ಅಭಿಮಾನಿಗಳು ಬೆಟ್ಟದ ರಸ್ತೆಯಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದಿದ್ದರು. ಪಂದ್ಯ ಶುರುವಾಗಿ ಹತ್ತು ನಿಮಿಷ ಆಗುವುದರೊಳಗೆ ಲಾಜೊಂಗ್‌ನ ಡಿಪಾಂಡಾ ಡಿಕಾ ಗೋಲು ಹೊಡೆದರು. ಅತ್ತ ಕೋಲ್ಕತಾದಲ್ಲಿ ಮೋಹನ್ ಬಾಗಾನ್ ಚೆನ್ನೈ ಸಿಟಿ ವಿರುದ್ಧ ಆಡುತ್ತಿತ್ತು. ದ್ವಿತೀಯಾರ್ಧದಲ್ಲಿ ವಿಲಿಯಂ ಲಾಲ್ನುನ್ಫೆಲಾ ಸಮಬಲದ ಗೋಲು ತಂದರು. ಪಂದ್ಯ 1–1. ಬಾಗಾನ್ 2–1ರಿಂದ ಗೆದ್ದರೂ ಲಾಭ ಆಗಲಿಲ್ಲ. 18 ಪಂದ್ಯಗಳಲ್ಲಿ ಐಜ್ವಾಲ್ 37 ಪಾಯಿಂಟ್, ಮೋಹನ್ ಬಾಗಾನ್ 36.

1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದಾಗಿನಿಂದ ಪ್ರಶಸ್ತಿ ಕೋಲ್ಕತಾ, ಗೋವಾ, ಪಂಜಾಬ್, ಮುಂಬೈ, ಬೆಂಗಳೂರು ಬಿಟ್ಟು ಬೇರೆ ಕಡೆ ಹೋಗಿರಲಿಲ್ಲ. ಈಶಾನ್ಯ ಭಾರತಕ್ಕೆ ಬಂದದ್ದು ಅದೇ ಮೊದಲು.

ಟ್ರೋಫಿ ಬಂತು, ಮುಂದೆ?

ಅದರ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ಲೀಸೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಿತ್ತು. ಮಾಧ್ಯಮಗಳು ಐಜ್ವಾಲ್‌ಗೆ ‘ಭಾರತದ ಲೀಸೆಸ್ಟರ್’ ಅಂತ ಹೆಸರಿಟ್ಟವು. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಸತ್ಯ. ಲೀಸೆಸ್ಟರ್ ಗೆದ್ದ ಮೇಲೆ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿತು, ಅದರ ದುಡ್ಡು ಪಡೆಯಿತು, ತನ್ನ ಲೀಗ್‌ನ ಅಗ್ರಸ್ಥಾನ ಉಳಿಸಿಕೊಳ್ಳಲು ಅದೇ ಲೀಗ್‌ನಲ್ಲಿ ಮತ್ತೆ ಹೋರಾಡಿತು. ಐಜ್ವಾಲ್ ಗೆದ್ದ ಮೇಲೆ ಅದರ ಕಾಲಡಿಯ ಲೀಗೇ ಜಾರಿತು.

ಕ್ಲಬ್ ಕೇಳಿದ್ದು ನ್ಯಾಯವಾದ ಪ್ರಶ್ನೆ: ನಾವು ದೇಶದ ಚಾಂಪಿಯನ್. ಅಗ್ರ ಲೀಗ್ ಐಎಸ್‌ಎಲ್ ಆಗುವುದಾದರೆ ನಮಗೆ ಅಲ್ಲಿ ಜಾಗ ಯಾಕಿಲ್ಲ? ಒಕ್ಕೂಟಕ್ಕೆ ಪತ್ರಗಳು ಹೋದವು, ಪ್ರತಿಭಟನೆಯ ಮಾತುಗಳೂ ಕೇಳಿಬಂದವು. ಉತ್ತರ ಬಂದದ್ದು ಟೆಂಡರ್ ರೂಪದಲ್ಲಿ. 2017ರಲ್ಲಿ ಐಎಸ್‌ಎಲ್‌ಗೆ ಎರಡು ಹೊಸ ತಂಡಗಳು ಸೇರಿದವು: ಜೆಎಸ್‌ಡಬ್ಲ್ಯು ಒಡೆತನದ ಬೆಂಗಳೂರು ಎಫ್‌ಸಿ, ಟಾಟಾ ಸ್ಟೀಲ್ ಒಡೆತನದ ಜೆಮ್‌ಶೆಡ್‌ಪುರ ಎಫ್‌ಸಿ. ವರ್ಷಕ್ಕೆ ಕೋಟಿಗಟ್ಟಲೆ ಫ್ರಾಂಚೈಸಿ ಶುಲ್ಕ ಕಟ್ಟಬಲ್ಲವರು ಇವರು. ಹಾಲಿ ಚಾಂಪಿಯನ್ ಪಟ್ಟಿಯಲ್ಲಿರಲಿಲ್ಲ. ಈಶಾನ್ಯದ ಎಂಟು ರಾಜ್ಯಗಳಿಗೆ ಸೇರಿ ಐಎಸ್‌ಎಲ್‌ನಲ್ಲಿ ಇದ್ದದ್ದು ಒಂದೇ ತಂಡ, ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್.

ಆಮೇಲಿನದ್ದು ಸಣ್ಣ ಊರಿನ ಕ್ಲಬ್‌ಗಳಿಗೆಲ್ಲ ಗೊತ್ತಿರುವ ಕತೆ. ಕೆಲವೇ ತಿಂಗಳಲ್ಲಿ ತಂಡ ಚೆದುರಿತು. ಜಮೀಲ್, ಅಲ್ ಅಮ್ನಾ, ಬ್ರ್ಯಾಂಡನ್, ಲಾಲ್ರಾಮ್ಚುಲ್ಲೊವಾ ಈಸ್ಟ್ ಬೆಂಗಾಲ್‌ಗೆ. ರಾಣೆ ಮತ್ತು ಮೆಹ್ತಾ ಎಟಿಕೆಗೆ. ಅಲ್ಬಿನೊ ಡೆಲ್ಲಿ ಡೈನಮೋಸ್‌ಗೆ. ಲಾಲ್ರುವಾತ್ಥಾರಾ ಕೇರಳ ಬ್ಲಾಸ್ಟರ್ಸ್‌ಗೆ. ಇವರಾರನ್ನೂ ದೂಷಿಸುವ ಹಾಗಿಲ್ಲ. ಹೆಚ್ಚು ಸಂಬಳ ಸಿಗುವ ಕಡೆ ಹೋಗುವ ಹಕ್ಕು ಐಟಿ ಕೆಲಸದವನಿಗೆ ಎಷ್ಟಿದೆಯೋ ಫುಟ್ಬಾಲ್ ಆಟಗಾರನಿಗೂ ಅಷ್ಟೇ ಇದೆ.

ಅಳಿದುಳಿದ ತಂಡ 2018ರ ಜನವರಿಯಲ್ಲಿ ಇರಾನಿಗೆ ಹೋಗಿ ಏಷ್ಯನ್ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಝೊಬ್ ಆಹನ್ ಎದುರು 3–1ರಿಂದ ಸೋತಿತು. ಅದೇ ವರ್ಷ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಎಫ್‌ಸಿ ಇದ್ದ ಗುಂಪಿನಲ್ಲೇ ಆಡಿತು. ಆ ಟೂರ್ನಿಯ ತವರು ಪಂದ್ಯಗಳನ್ನು ಆಡಿದ್ದು ಗುವಾಹಟಿಯಲ್ಲಿ. ಐ-ಲೀಗ್‌ನಲ್ಲಿ ಐದನೇ ಸ್ಥಾನ. ಆಮೇಲೆ ಇವತ್ತಿನವರೆಗೆ ಪ್ರಶಸ್ತಿ ಮತ್ತೆ ಬಂದಿಲ್ಲ.

2019ರ ಅಕ್ಟೋಬರ್‌ನಲ್ಲಿ ಏಷ್ಯನ್ ಫುಟ್ಬಾಲ್ ಒಕ್ಕೂಟ ಐಎಸ್‌ಎಲ್ ಅನ್ನು ಭಾರತದ ಅಗ್ರ ಲೀಗ್ ಎಂದು ಅಧಿಕೃತವಾಗಿ ಒಪ್ಪಿತು. ಐ-ಲೀಗ್ ಚಾಂಪಿಯನ್‌ಗೆ ಬಡ್ತಿ ಸಿಗುವುದು 2022–23ರ ಸೀಸನ್‌ನಿಂದ ಅಂತ ನಿಗದಿಯಾಯಿತು. ಹಾಗೆ ಮೊದಲು ಮೇಲೇರಿದ್ದು ರೌಂಡ್‌ಗ್ಲಾಸ್ ಪಂಜಾಬ್, ಮರುವರ್ಷ ಮೊಹಮಡನ್ ಸ್ಪೋರ್ಟಿಂಗ್. ಐಜ್ವಾಲ್ ಆರು ವರ್ಷ ಮೊದಲೇ ಗೆದ್ದಿತ್ತು. ಅದೇ ಅದರ ತಪ್ಪು.

ದುಡ್ಡಿನ ಪರ ವಾದ

ಇನ್ನೊಂದು ಕಡೆಯ ಮಾತೂ ಕೇಳೋಣ. ದೊಡ್ಡ ಹೂಡಿಕೆ ಮಾಡಿದವನಿಗೆ ಒಂದಿಷ್ಟು ಭದ್ರತೆ ಕೊಡದಿದ್ದರೆ ಯಾರು ಬರುತ್ತಾರೆ? ಮೊದಲ ವರ್ಷವೇ ಕೆಳಗೆ ಬೀಳುವ ಭಯ ಇದ್ದರೆ ಅಕಾಡೆಮಿ, ಕೋಚ್, ಯುವ ತಂಡಕ್ಕೆ ಯಾರು ಖರ್ಚು ಮಾಡುತ್ತಾರೆ? ಈ ವಾದ ಟೊಳ್ಳಲ್ಲ. ಇವತ್ತು ದೇಶದ ದೊಡ್ಡ ಆಟಗಾರರಲ್ಲಿ ಒಬ್ಬರಾದ ಮಿಜೋರಾಂನ ಲಾಲಿಯನ್‌ಜುವಾಲಾ ಛಾಂಗ್ಟೆ ಪಳಗಿದ್ದು ಅದೇ ಡಿಎಸ್‌ಕೆ ಶಿವಾಜಿಯನ್ಸ್ ಅಕಾಡೆಮಿಯಲ್ಲಿ.

ನಮ್ಮ ಬೆಂಗಳೂರು ಎಫ್‌ಸಿಯೂ ಆಡಿ ಬಡ್ತಿ ಪಡೆದು ಬಂದ ಕ್ಲಬ್ ಅಲ್ಲ. ಸಾರ್ವಜನಿಕ ಉದ್ದಿಮೆಯ ತಂಡವಾದ ಎಚ್‌ಎಎಲ್ 2011–12ರ ಸೀಸನ್ ಬಳಿಕ ಐ-ಲೀಗ್‌ನಿಂದ ಕೆಳಗಿಳಿಯಿತು. 2013ರಲ್ಲಿ ಜೆಎಸ್‌ಡಬ್ಲ್ಯು ಬಿಡ್ ಗೆದ್ದು ಬೆಂಗಳೂರು ಎಫ್‌ಸಿ ಕಟ್ಟಿತು. ಮೊದಲ ಸೀಸನ್‌ನಲ್ಲೇ ಚಾಂಪಿಯನ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್. ವೃತ್ತಿಪರವಾಗಿ ಕ್ಲಬ್ ನಡೆಸುವುದು ಹೇಗೆ ಅಂತ ಅವರು ತೋರಿಸಿದ್ದು ನಿಜ.

ಆದರೆ ಭದ್ರತೆ ಕೊಟ್ಟರೆ ಹೂಡಿಕೆ ಉಳಿಯುತ್ತೆ ಅನ್ನುವುದಕ್ಕೆ ಚರಿತ್ರೆ ಸಾಕ್ಷಿ ಹೇಳುವುದಿಲ್ಲ. ಹಿಂಬಡ್ತಿಯಿಂದ ವಿನಾಯಿತಿ ಪಡೆದಿದ್ದ ಡಿಎಸ್‌ಕೆ ಶಿವಾಜಿಯನ್ಸ್ 2017ರಲ್ಲಿ ಬಾಗಿಲು ಹಾಕಿತು. ಅದೇ ಹೊತ್ತಿಗೆ ಮುಂಬೈ ಎಫ್‌ಸಿಯೂ ಮುಚ್ಚಿತು. ಗೋವಾದ ಮೂರು ಕ್ಲಬ್‌ಗಳು ಮೊದಲೇ ಹೋಗಿದ್ದವು. ಐಜ್ವಾಲ್ ಮಾತ್ರ ಉಳಿದಿದೆ.

ಅತಿ ದೊಡ್ಡ ಸಾಕ್ಷಿ ಸಿಕ್ಕಿದ್ದು 2025ರಲ್ಲಿ. ಇಡೀ ವ್ಯವಸ್ಥೆ ನಿಂತಿದ್ದದ್ದು 2010ರಲ್ಲಿ ಒಕ್ಕೂಟ ಮತ್ತು ಐಎಂಜಿ–ರಿಲಯನ್ಸ್ ಮಾಡಿಕೊಂಡ 15 ವರ್ಷದ, 700 ಕೋಟಿ ರೂಪಾಯಿಯ ಒಂದು ಒಪ್ಪಂದದ ಮೇಲೆ. ಅದರ ನವೀಕರಣ ಇತ್ಯರ್ಥವಾಗದೆ 2025ರ ಜುಲೈನಲ್ಲಿ ಐಎಸ್‌ಎಲ್ ಸೀಸನ್‌ಗೆ ತಡೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಎಂಜಿನಿಯರಿಂಗ್ ಓದಿದವರಿಗೆ ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಅನ್ನೋ ಮಾತು ಗೊತ್ತು: ಒಂದು ಬೋಲ್ಟ್ ಸಡಿಲವಾದರೆ ಇಡೀ ಯಂತ್ರ ನಿಲ್ಲುವ ವಿನ್ಯಾಸ. ಭಾರತದ ಫುಟ್ಬಾಲ್ ಅನ್ನು ಹಾಗೇ ಕಟ್ಟಿದ್ದರು.

ಬಡಾವಣೆ ತಂಡ, ಸ್ಥಳೀಯ ಲೀಗ್, ಕೇಬಲ್ ಟಿವಿ, ಟಿಕೆಟ್ ಕೊಳ್ಳುವ ಜನ ಅನ್ನುವ ಐಜ್ವಾಲ್ ಮಾದರಿಯಲ್ಲಿ ದುಡ್ಡು ಕಡಿಮೆ. ಆದರೆ ಅದರ ಭಾರ ಹತ್ತಾರು ಕಂಬಗಳ ಮೇಲಿದೆ. ಒಂದು ಒಪ್ಪಂದ ಮುಗಿದರೆ ಅದು ಕುಸಿಯುವುದಿಲ್ಲ.

ಉಳಿದಿರುವ ಪ್ರಶ್ನೆ

2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಭಾರತ ತಂಡದ ಕೋಚ್ ಆದರು. ಜೆಜೆ 2023ರಲ್ಲಿ ಮಿಜೋರಾಂ ವಿಧಾನಸಭೆಗೆ ಆಯ್ಕೆಯಾದರು. ಐಜ್ವಾಲ್ ನಂಬಿದ ಕೋಚ್‌ನನ್ನು, ಆ ನೆಲದ ಆಟಗಾರರನ್ನು ದೇಶ ಒಪ್ಪಿಕೊಂಡಿದೆ. ಕ್ಲಬ್ಬಿಗೆ ಮಾತ್ರ ಆ ಗೌರವ ಸಿಕ್ಕಿಲ್ಲ.

ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಒಕ್ಕೂಟದ ಹೊಸ ಸಂವಿಧಾನದಲ್ಲಿ ಅಗ್ರ ಲೀಗ್‌ಗೆ ಬಡ್ತಿ–ಹಿಂಬಡ್ತಿಯ ತತ್ವ ಇದೆ. ಕಾಗದದ ಮೇಲೆ ಇದು ದೊಡ್ಡ ಗೆಲುವು. ಆದರೆ 2016ರಲ್ಲೂ ಹಿಂಬಡ್ತಿ ನಿಯಮ ಇತ್ತಲ್ಲ. ಅದು ಬಡವನಿಗೆ ಮಾತ್ರ ಅನ್ವಯ ಆಯಿತು, ಅಷ್ಟೇ. ಹಾಗಾಗಿ ಹೊಸ ನಿಯಮದಲ್ಲಿ ನೋಡಬೇಕಾದದ್ದು ಬಡ್ತಿ ಯಾರಿಗೆ ಸಿಗುತ್ತೆ ಅನ್ನುವುದನ್ನಲ್ಲ. ಕೋಟಿ ಸುರಿದ ತಂಡ ಕೊನೆಯ ಸ್ಥಾನಕ್ಕೆ ಬಂದ ದಿನ ಅದನ್ನು ಕೆಳಗಿಳಿಸುವ ಧೈರ್ಯ ಒಕ್ಕೂಟಕ್ಕೆ ಇದೆಯಾ ಅನ್ನುವುದನ್ನು.

ಶಿವಮೊಗ್ಗದಲ್ಲೋ ಬಳ್ಳಾರಿಯಲ್ಲೋ ನಾಳೆ ಯಾರಾದರೂ ಒಂದು ಕ್ಲಬ್ ಕಟ್ಟಲು ಹೊರಟರೆ ಅವರು ಮೊದಲು ಕೇಳುವುದೂ ಅದನ್ನೇ: ಗೆದ್ದರೆ ಮೇಲೆ ಹೋಗ್ತೀವಾ? ಐಜ್ವಾಲ್‌ಗೆ ಕೊಡದ ಉತ್ತರವನ್ನು ಅವರಿಗಾದರೂ ಕೊಡಬೇಕು.

ಐಜ್ವಾಲ್ ಎಫ್‌ಸಿ: ಒಂದು ನೋಟ

1984: ಕ್ಲಬ್ ಸ್ಥಾಪನೆ
2012: ಮಿಜೋರಾಂ ಪ್ರೀಮಿಯರ್ ಲೀಗ್ ಆರಂಭ
2015: ಐ-ಲೀಗ್ ಎರಡನೇ ಡಿವಿಷನ್ ಚಾಂಪಿಯನ್, ಐ-ಲೀಗ್‌ಗೆ ಬಡ್ತಿ
2016: ಎಂಟನೇ ಸ್ಥಾನ ಪಡೆದು ಹಿಂಬಡ್ತಿ, ಫೆಡರೇಷನ್ ಕಪ್ ರನ್ನರ್ ಅಪ್, ಗೋವಾ ಕ್ಲಬ್‌ಗಳು ಹೊರನಡೆದ ಬಳಿಕ ಲೀಗ್‌ಗೆ ವಾಪಸ್
2017, ಏಪ್ರಿಲ್ 30: 37 ಪಾಯಿಂಟ್‌ಗಳೊಂದಿಗೆ ಐ-ಲೀಗ್ ಚಾಂಪಿಯನ್, ಈಶಾನ್ಯ ಭಾರತದಿಂದ ಮೊದಲಿಗರು
2018: ಏಷ್ಯನ್ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯ, ಎಎಫ್‌ಸಿ ಕಪ್
2019: ಐಎಸ್‌ಎಲ್‌ಗೆ ಅಗ್ರ ಲೀಗ್ ಸ್ಥಾನ, ಐಜ್ವಾಲ್ ಆಡುವ ಐ-ಲೀಗ್ ಎರಡನೇ ಹಂತಕ್ಕೆ